ರೆಸ್ಟಿನಲ್ಲಿದ್ದಾಗ ಹೊತ್ತ ಕಬ್ಬು

ನಮ್ಮ ಮನೆಯಲ್ಲಿ ಓಡುವುದನ್ನು ಕೆಲಸವೆಂದು ಯಾರೂ ಒಪ್ಪಿರಲಿಲ್ಲ. ಕರು ಹಗ್ಗ ಕಿತ್ತುಕೊಂಡರೆ ಓಡಬೇಕು, ಬಸ್ಸು ಹೊರಟರೆ ಓಡಬೇಕು. ಬೆಳಿಗ್ಗೆ ಎದ್ದು ನಾಲೆ ಏರಿಯ ಮೇಲೆ ಸುಮ್ಮಸುಮ್ಮನೆ ಓಡಿ, ಹೊರಟ ಜಾಗಕ್ಕೇ ವಾಪಸ್ ಬರುವವನಿಗೆ ಏನನ್ನಬೇಕು? “ಯಾರ್ಲಾ ಅಟ್ಟುಸ್ಕಂಡ್ ಬತ್ತಾವ್ರೆ?” ಅನ್ನುತ್ತಿದ್ದರು ಊರಿನವರು. ದಿನಾ ಅದೇ ಪ್ರಶ್ನೆ, ದಿನಾ ಅದೇ ನಗು. ನಾನು ಓಡುತ್ತಿದ್ದದ್ದು ಮಿಲಿಟರಿ ಭರ್ತಿಗೆ. ವಯಸ್ಸಿನ ಲೆಕ್ಕದಲ್ಲಿ ನನಗೆ ಅದೇ ಕೊನೆಯ ಭರ್ತಿ. ತಪ್ಪಿದರೆ ಆ ಬಾಗಿಲು ಮುಚ್ಚಿದಂತೆಯೇ.

ಕೆ.ಆರ್. ಪೇಟೆಯ ಮೈದಾನದಲ್ಲಿ ಒಬ್ಬ ನಿವೃತ್ತ ಸುಬೇದಾರರು ನಮ್ಮಂಥ ಹುಡುಗರನ್ನು ಓಡಿಸುತ್ತಿದ್ದರು. ಭರ್ತಿಯ ಸುದ್ದಿ ಬಂದದ್ದೇ ತಡ, ಎಲ್ಲರ ಓಟವೂ ಒಮ್ಮೆಗೇ ಜಾಸ್ತಿಯಾಯಿತು. ಮೈದಾನ ಸಾಲದೆಂದು ನಾನು ಟಾರು ರಸ್ತೆಯಲ್ಲೂ ಓಡಿದೆ. ಮೊದಲು ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯ ಮೇಲೆ ಸಣ್ಣಗೆ ನೋವು. ಆಮೇಲೆ ನಿಂತರೂ ನೋವು. ಒಂದು ದಿನ ಸುಬೇದಾರರು ಅಲ್ಲಿ ಹೆಬ್ಬೆರಳಿಟ್ಟು ಒತ್ತಿದರು. ನಾನು ಅರಚಿದ ಅರಚಾಟಕ್ಕೆ ಮೈದಾನದ ಕಾಗೆಗಳೆಲ್ಲ ಎದ್ದವು. “ಮೊದ್ಲು ಎಕ್ಸ್‌ರೇ ತೆಗ್ಸು, ಆಮ್ಯಾಕೆ ದೇಶ ಕಾಯಿ” ಅಂದರು.

ಜಿಲ್ಲಾಸ್ಪತ್ರೆಗೆ ಅಪ್ಪ ಜೊತೆಗೆ ಬಂದ. ಡಾಕ್ಟರು ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ತೋರಿಸಿದರು. ಒಮ್ಮೆಗೇ ಭಾರ ಜಾಸ್ತಿಯಾದರೆ ಹೀಗಾಗುತ್ತದೆ, ಮಿಲಿಟರಿ ತರಬೇತಿಗೆ ಹೋದ ಹುಡುಗರಲ್ಲೂ ಇದನ್ನು ಕಾಣುತ್ತೇವೆ, ರೆಸ್ಟು ಮಾಡಿದರೆ ಕೂಡಿಕೊಳ್ಳುತ್ತದೆ, ಭರ್ತಿಗೆ ಇನ್ನೂ ಸಮಯವಿದೆ, ಸದ್ಯಕ್ಕೆ ಓಡಬಾರದು ಅಂದರು. ಇಷ್ಟರಲ್ಲಿ ಅಪ್ಪನ ಕಿವಿಗೆ ಬಿದ್ದದ್ದು ಕೊನೆಯ ಮಾತು.

ಆ ಮಾತನ್ನು ಅಪ್ಪ ಪಾಲಿಸಿದಷ್ಟು ನಿಷ್ಠೆಯಿಂದ ಈ ತಾಲ್ಲೂಕಿನಲ್ಲಿ ಯಾರೂ ಡಾಕ್ಟರ ಮಾತು ಪಾಲಿಸಿರಲಿಕ್ಕಿಲ್ಲ. ನನ್ನ ಬೂಟನ್ನು ಅಟ್ಟದ ಮೇಲೆ ಹಾಕಿದ. ನಾನು ಸ್ವಲ್ಪ ಬಿರಬಿರನೆ ನಡೆದರೂ ಹಟ್ಟಿಯಿಂದಲೇ ಕೂಗುತ್ತಿದ್ದ: “ಲೇ, ಮೆತ್ಗೆ! ಓಡ್ಬ್ಯಾಡ ಅಂದವ್ರೆ!” ಅವ್ವ ವಾರಕ್ಕೊಮ್ಮೆ ಕಾಲು ಸೂಪು ಕಾಯಿಸಿದಳು.

ಹೊತ್ತಿಗೆ ಸರಿಯಾಗಿ ಕಾರ್ಖಾನೆಯಿಂದ ನಮ್ಮ ಕಬ್ಬು ಕಡಿಯಲು ಪರ್ಮಿಟ್ಟು ಬಂತು. ಆಳುಗಳು ಅರ್ಧ ಬಂದರು, ಅರ್ಧ ಬರಲಿಲ್ಲ. ಅಪ್ಪ ನನ್ನತ್ತ ನೋಡಿದ. “ಎಂಗಿದ್ರೂ ರೆಸ್ಟಲ್ಲಿದೀಯಲ್ಲ, ಬಾ” ಅಂದ.

ಹೋದೆ. ಹೋಗದೆ ಏನು? ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಕಬ್ಬಿನ ಹೊರೆಯನ್ನು ತಲೆ ಮೇಲಿಟ್ಟುಕೊಂಡು ಹಲಗೆ ಹತ್ತಿ ಲಾರಿಗೆ ಎಸೆಯುವುದು, ಕೆಳಗೆ ಧುಮುಕುವುದು, ಮತ್ತೆ ಹೊರುವುದು. ಇದರಲ್ಲಿ ಓಟ ಎಲ್ಲಿದೆ? ದಾರಿಯಲ್ಲಿ ಹೋಗುವವರು ನಿಂತು ನನ್ನ ಕಾಲಿನ ಯೋಗಕ್ಷೇಮ ಕೇಳುತ್ತಿದ್ದರು. “ಪೂರ್ತಿ ರೆಸ್ಟು” ಅನ್ನುತ್ತಿದ್ದ ಅಪ್ಪ, ನನ್ನ ತಲೆಗೆ ಇನ್ನೊಂದು ಹೊರೆ ಎತ್ತಿಡುತ್ತಾ. “ಒಳ್ಳೇದಾಯ್ತು ಬುಡು, ಹುಡ್ಗುನ್ಗೂ ಒಸಿ ಸುದಾರಿಸ್ಕಂಡಂಗಾಯ್ತು” ಅನ್ನುತ್ತಿದ್ದರು ಅವರು. ಯಾರೂ ನಗಲಿಲ್ಲ. ನಗುವಂಥದ್ದು ಅಲ್ಲೇನೂ ಇರಲಿಲ್ಲ.

ನೋವು ಮಾತ್ರ ಹೆಚ್ಚುತ್ತಲೇ ಹೋಯಿತು. ಕುಂಟುತ್ತಾ ಬಂದ ನನ್ನನ್ನು ಅಪ್ಪ ಜಗಲಿಯ ಮೇಲೆ ತಡೆದ. “ಕದ್ದು ಓಡ್ತಿದೀಯ ಕಣ್ಲಾ ನೀನು!” ನನಗೆ ರೇಗಿಹೋಯಿತು. “ಯಾವ್ ಒತ್ನಲ್ಲಿ ಓಡ್ಲಪ್ಪಾ? ಒರೆ ಒತ್ಕಂಡೇ ಓಡ್ಲಾ?” ಎಂದು ಕಿರುಚಿದೆ. ಅವನು ನಂಬಲಿಲ್ಲ. ಮಾರನೇ ದಿನದಿಂದ ನನ್ನ ಹಿಂದೆಯೇ ಕಾವಲು ನಿಂತ.

ಕಬ್ಬು ಮುಗಿದ ಮೇಲೆ ಮತ್ತೆ ಆಸ್ಪತ್ರೆಗೆ ಹೋದೆವು. ಡಾಕ್ಟರು ಹೊಸ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಇಷ್ಟು ದಿನ ಏನು ಮಾಡಿದೆ ಎಂದು ನನ್ನನ್ನು ಕೇಳಿದರೆ, ಉತ್ತರ ಕೊಟ್ಟದ್ದು ಅಪ್ಪ. ಸ್ವಲ್ಪ ಹೆಮ್ಮೆಯಿಂದಲೇ ಕೊಟ್ಟ.

“ಏನೂ ಮಾಡಿಲ್ಲ ಸಾ. ಒಂದೆಜ್ಜೆ ಓಡಾಕೆ ಬುಟ್ಟಿಲ್ಲ ನಾನು. ಮನೇಲೇ ಇದ್ದ. ಕಬ್ಬು ಒತ್ತ, ಅಷ್ಟೇಯ.”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಓಟಕ್ಕಿಂತ ಹೊರೆ ಹೊತ್ತು ಧುಮುಕುವುದೇ ಈ ಮೂಳೆಗೆ ಕೆಟ್ಟದ್ದು, ಬಿರುಕು ದೊಡ್ಡದಾಗಿದೆ, ಈ ಭರ್ತಿ ಆಗುವುದಿಲ್ಲ ಅಂದರು. ಅಪ್ಪ “ಮುಂದಿನ್ ಸಲ?” ಅಂದ. ಮುಂದಿನ ಸಲ ನನ್ನ ವಯಸ್ಸು ದಾಟಿರುತ್ತದೆ ಎಂದು ನಾನೇ ಹೇಳಬೇಕಾಯಿತು.

ಬಸ್ಸಿನಲ್ಲಿ ಕೂತು, ಮನೆ ಮುಟ್ಟಿದ ಮೇಲೆ ಅಪ್ಪನಿಗೆ ಏನೇನು ಅನ್ನಬೇಕೆಂದು ಒಂದೊಂದಾಗಿ ಜೋಡಿಸಿಕೊಂಡಿದ್ದೆ. ಆದರೆ ಕೆ.ಆರ್. ಪೇಟೆಯಲ್ಲಿ ಇಳಿದವನು ಊರಿನ ಬಸ್ಸು ಹತ್ತಲಿಲ್ಲ. ಸೀದಾ ಮೈದಾನಕ್ಕೆ ಹೋದ.

ಸುಬೇದಾರರು ಅಪ್ಪನಿಗಿಂತ ಚಿಕ್ಕವರು. ಆದರೂ ಅಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ. “ಸ್ವಾಮಿ, ಹುಡ್ಗುಂದೇನೂ ತಪ್ಪಿಲ್ಲ. ಕಾಲ್ ಕೆಡ್ಸಿದೋನು ನಾನು. ಭರ್ತಿಯೋರ್ತಾವ ಬಂದು ನಾನೇ ಏಳ್ತೀನಿ. ಒಸಿ ದಿನ ಕಾಯಾಕಿಲ್ವಾ ಅವ್ರು?”

“ಅಲ್ಲಿ ಕಾಲು ನೋಡ್ತಾರೆ ಗೌಡ್ರೇ, ಕಾರಣ ಕೇಳಾಕಿಲ್ಲ” ಅಂದರು ಸುಬೇದಾರರು.

ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ನನ್ನ ಬಾಯಿಗೆ ಬರಲಿಲ್ಲ. ಅಪ್ಪ ಆ ಥರ ನಿಂತದ್ದು ನೋಡಿ ನನಗೆ ಅಳುವೇ ಬಂತು. ಹೊರಡೋಣ ಎಂದು ತೋಳು ಹಿಡಿದು ಎಳೆದೆ. ಅಪ್ಪ ಬರಲಿಲ್ಲ. ಸುತ್ತು ಹೊಡೆಯುತ್ತಿದ್ದ ಹುಡುಗರನ್ನೇ ನೋಡುತ್ತಿದ್ದ. ಎಲ್ಲರಿಗಿಂತ ಮುಂದಿದ್ದವನನ್ನು ತೋರಿಸಿ ಕೇಳಿದ:

“ನಮ್ ಹುಡ್ಗ ಇವ್ನಷ್ಟು ಜೋರಾಗಿ ಓಡ್ತಿದ್ನಾ?”

“ನಿಮ್ ಹುಡ್ಗ ಓಡ್ವಾಗ ಇವ್ನು ಇಂದೆ ಬೀಳ್ತಿದ್ದ.”

ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. “ನಾನು ಒಂದ್ ದಿನಾನೂ ನೋಡ್ನಿಲ್ವಲ್ಲೋ” ಅಂದ, ನನಗೆ.