ತೀರಿಕೊಂಡ ಮೇಲೆ ಬಂದ ಪ್ರಬಂಧಗಳು

ಮೊನ್ನೆ ಬಾಗಲಕೋಟೆಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಯಾರೋ ಬುತ್ತಿ ಬಿಚ್ಚಿದರು. ಗುರೆಳ್ಳು ಚಟ್ನಿಯ ವಾಸನೆ ಬಂತು. ಒಮ್ಮೆಲೇ ಸರ್ ನೆನಪಾದರು...

ಸರ್ ನನ್ನ ಪಿಎಚ್‌.ಡಿ. ಗೈಡ್. ಭೂವಿಜ್ಞಾನದವರು. ಹುನಗುಂದದ ಸುತ್ತಲಿನ ಹೊಲಗಳಲ್ಲಿ ಬೋರ್‌ವೆಲ್ ನೀರನ್ನು ಬಾಟಲಿಗೆ ತುಂಬಿಕೊಳ್ಳುತ್ತ ನಾವಿಬ್ಬರೂ ಅಲೆದವರು. ಮಧ್ಯಾಹ್ನ ಬೇವಿನ ನೆರಳಿಗೆ ಕೂತು ಒಣಗಿದ ಜೋಳದ ಕಟಿರೊಟ್ಟಿಯ ಮೇಲೆ ಅದೇ ಚಟ್ನಿ ಹಾಕಿ, ಮೊದಲು ನನ್ನ ಕೈಗೆ ಕೊಡುತ್ತಿದ್ದರು. ನನ್ನ ಮೊದಲ ಪ್ರಬಂಧದಲ್ಲಿ ಅವರ ಹೆಸರನ್ನೂ ಸೇರಿಸಿದ್ದೆ. ಪೆನ್ನು ತೆಗೆದು ಹೊಡೆದು ಹಾಕಿದರು.

"ನೀರ ತಂದಾಕಿ ನೀನು, ತಪಾಸ್ ಮಾಡಿದಾಕಿ ನೀನು. ಇದರಾಗ ನನ್ನ ಹೆಸರ ಯಾಕ?"

ಒಂದು ಪ್ರಬಂಧಕ್ಕೆ ಅವರು ವರ್ಷಗಟ್ಟಲೆ ಒದ್ದಾಡುತ್ತಿದ್ದರು. ಹುನಗುಂದದ ಬಾವಿನೀರಿನ ಮೇಲೆ ಬರೆದದ್ದೊಂದು ಮಾತ್ರ ಎಲ್ಲೆಲ್ಲಿಯೋ ಹೋಗಿ, ಕಾಣದ ಊರಿನವರೆಲ್ಲ ಅದನ್ನು ಉಲ್ಲೇಖಿಸಿದರು. ಅವರಿಗೆ ಅದೇ ದೊಡ್ಡ ಸಂತೋಷವಾಗಿತ್ತು.

ಅವರು ಹೃದಯಾಘಾತದಿಂದ ತೀರಿಕೊಂಡು ಕೆಲವು ವರ್ಷ ಕಳೆದಿದ್ದವು. ನನ್ನ ಬಡ್ತಿಗೆ ಪ್ರಬಂಧಗಳು ಬೇಕಾಗಿದ್ದವು. ಸರ್ ಬರೆದದ್ದನ್ನು ಮತ್ತೆ ನೋಡೋಣವೆಂದು ಅಂತರ್ಜಾಲದಲ್ಲಿ ಅವರ ಹೆಸರು ಹಾಕಿ ಹುಡುಕಿದೆ. ಮೇಲೆಯೇ ಅದೇ ವರ್ಷ ಅಚ್ಚಾದ ಪ್ರಬಂಧವೊಂದಿತ್ತು. ಅದೇ ಹೆಸರಿನ ಬೇರೆ ಯಾರೋ ಇರಬೇಕೆಂದುಕೊಂಡೆ. ಆದರೆ ಕಾಲೇಜು ಅದೇ, ಇಮೇಲ್ ಅದೇ. ಕೆಳಗೆ ಇನ್ನೊಂದು, ಮತ್ತೊಂದು... ಬದುಕಿದ್ದಾಗ ಬರೆದದ್ದಕ್ಕಿಂತ ಸತ್ತ ಮೇಲೆ ಬರೆದದ್ದೇ ಹೆಚ್ಚಾಗಿತ್ತು! ಪ್ರತಿಯೊಂದರ ಕೊನೆಗೂ ಒಂದು ಸಾಲು: ಎಲ್ಲ ಲೇಖಕರೂ ಈ ಪ್ರಬಂಧವನ್ನು ಓದಿ ಒಪ್ಪಿದ್ದಾರೆ.

ಎಲ್ಲದರಲ್ಲೂ ಮೊದಲ ಹೆಸರು ಸರ್ ಹತ್ತಿರವೇ ಕಲಿತ ನನ್ನ ಸೀನಿಯರ್ ಒಬ್ಬನದು. ಫೋನ್ ಮಾಡಿದೆ. ಅವನು ನಕ್ಕುಬಿಟ್ಟ.

"ಅದರಾಗ ತಪ್ಪೇನೈತಿ? ಸರ್ ಹೆಸರಿದ್ರ ಲಗೂನ ಛಾಪಾ ಆಗ್ತೈತಿ. ಅವರನ್ನ ಉಲ್ಲೇಖ ಮಾಡೋರ ಲೆಕ್ಕಾನೂ ಏರ್ತೈತಿ. ಬೇಕಂದ್ರ ಮುಂದಿಂದರಾಗ ನಿನ್ನ ಹೆಸರೂ ಹಾಕ್ತೇನಿ ತಗೋ."

ಫೋನಿಟ್ಟೆ.

ಭಾನುವಾರ ಇಳಕಲ್ಲಿಗೆ ಹೋದೆ. ಸರ್ ಹೆಂಡತಿಯನ್ನು ನಾವೆಲ್ಲ ಅಕ್ಕಾರ ಅನ್ನುತ್ತಿದ್ದೆವು. ಪಕ್ಕದ ಮನೆಯ ಮಗ್ಗದ ಸಪ್ಪಳದ ನಡುವೆ ಹೇಗೆ ಮಾತು ತೆಗೆಯಲೆಂದು ಕೂತಿದ್ದೆ. ಅಷ್ಟರಲ್ಲಿ ಅವರೇ ಒಳಗಿಂದ ಸರ್ ಫೋನು ತಂದರು. ತಪ್ಪದೆ ಅದಕ್ಕೆ ಚಾರ್ಜ್ ಹಾಕಿಡುತ್ತಿದ್ದರಂತೆ. ಸರ್ ಹೆಸರಿನ ಪ್ರಬಂಧ ಅಚ್ಚಾದರೂ, ಯಾರಾದರೂ ಅವರನ್ನು ಉಲ್ಲೇಖಿಸಿದರೂ ಅದಕ್ಕೆ ಇಮೇಲ್ ಬರುತ್ತಿತ್ತು.

"ನೋಡ ತಂಗಿ, ಮತ್ತೊಂದು ಬಂದೈತಿ. ಪಾಪ, ಬರದಿಟ್ಟದ್ದೆಲ್ಲ ಈಗ ಒಂದೊಂದ ಹೊರಗ ಬರಾಕತ್ತೈತಿ. ಈ ಫೋನು ಟಿಣ್ ಅಂದ್ರ ಸಾಕು, ಅವರ ಬಂದು ಹೇಳಿಧಂಗ ಆಗ್ತೈತಿ ನನಗ."

ಸುಮ್ಮನೆ ಎದ್ದು ಬಂದುಬಿಡಬಹುದಿತ್ತು. ಆದರೆ ಅವರು ನನ್ನ ಮುಖ ನೋಡುತ್ತಿದ್ದರು... ಹೇಳಿದೆ.

"ಅಂದ್ರ ಇವು ಅವರು ಬರದದ್ದಲ್ಲ?"

"ಅಲ್ರಿ, ಅಕ್ಕಾರ."

"ಒಂದೂ?"

"ಅವರು ಹೋದ ಮ್ಯಾಲೆ ಬಂದದ್ದು ಒಂದೂ ಅಲ್ರಿ."

ಅಕ್ಕಾರು ಸೆರಗಿನಿಂದ ಫೋನಿನ ಮೇಲಿನ ಧೂಳು ಒರೆಸಿ, "ಅವನ್ನೆಲ್ಲ ತಗಸು. ತಾವು ಓದದ ಒಂದು ಕಾಗದಕ್ಕೂ ಸಹಿ ಮಾಡಿದವರಲ್ಲ ಅವರು," ಎಂದರು.

ಆ ಪ್ರಬಂಧಗಳನ್ನು ಪ್ರಕಟಿಸಿದ ಪತ್ರಿಕೆಗಳವರಿಗೆ ಅಕ್ಕಾರ ಹೆಸರಿನಲ್ಲಿ ಬರೆದೆವು. ಸರ್ ಮರಣ ಪ್ರಮಾಣಪತ್ರವನ್ನೂ ಕಳಿಸಿದೆವು. ತಿಂಗಳುಗಟ್ಟಲೆ ಕಾದ ಮೇಲೆ ಒಂದೊಂದಾಗಿ ಪ್ರಬಂಧಗಳನ್ನು ಹಿಂತೆಗೆದುಕೊಂಡರು. ಸೀನಿಯರ್ ನನ್ನೊಡನೆ ಮಾತು ಬಿಟ್ಟ. ಕೊನೆಯದೂ ಹೋದ ದಿನ ಅಕ್ಕಾರಿಗೆ ಫೋನ್ ಮಾಡಿ ತಿಳಿಸಿದೆ. "ಇನ್ನ ಏನೂ ಬರೂದಿಲ್ಲಲ್ಲ?" ಎಂದು ಕೇಳಿ ಫೋನಿಟ್ಟರು.

ಹುನಗುಂದದ ಬಾವಿನೀರಿನ ಆ ಪ್ರಬಂಧವನ್ನು ಈಗಲೂ ಯಾರೋ, ಎಲ್ಲಿಯೋ ಉಲ್ಲೇಖಿಸುತ್ತಾರೆ. ಅದು ಖರೆಯಾಗಿಯೂ ಸರ್ ಅವರದೇ. ಆದರೆ ಆ ಸುದ್ದಿ ಇಳಕಲ್ಲಿನ ಮನೆ ಮುಟ್ಟುವುದಿಲ್ಲ. ಅಕ್ಕಾರು ಸರ್ ಫೋನನ್ನು ಆರಿಸಿ, ಟ್ರಂಕಿನೊಳಗೆ ಇಟ್ಟುಬಿಟ್ಟಿದ್ದಾರೆ.