ಜವರಪ್ಪನ ಜಿಗಿತ

ಹಳ್ಳಿಮೈಸೂರಿನ ಸೊಸೈಟಿ ಗುಮಾಸ್ತ ಜವರಪ್ಪ ಕುಳ್ಳ. ಆದರೂ ವಾಲಿಬಾಲ್ ಬಲೆಯ ಮೇಲಿಂದ ಚೆಂಡು ಬಡಿದು, ೧೯೬೨ರ ಹಾಸನ ಜಿಲ್ಲಾ ತಂಡ ಸೇರಬೇಕೆಂಬ ಆಸೆ. ತರಬೇತಿಗೆ ನಿಂತವರು ಸೋದರಮಾವ, ಗರಡಿಯ ಉಸ್ತಾದ್ ತಮ್ಮಣ್ಣಯ್ಯನವರು. ಅವರು ವಾಲಿಬಾಲ್ ಮುಟ್ಟಿದವರಲ್ಲ. ಅಭಿಪ್ರಾಯ ಕೊಡಲು ಅದೇನೂ ಅಡ್ಡಿಯಾಗಲಿಲ್ಲ.

ಹೆಗಲ ಮೇಲೆ ಅರ್ಧ ಮೂಟೆ ರಾಗಿ ಹೊರಿಸಿ ಬಸ್ಕಿ ಹೊಡೆಸಿದರು. ಜಿಗಿತ ನಿಜಕ್ಕೂ ಹೆಚ್ಚಿತು. ಜವರಪ್ಪನ ಬೆರಳು ಗರಡಿಯ ತೊಲೆ ಮುಟ್ಟಿತು. ಆಯ್ಕೆ ಪಂದ್ಯದ ಹಿಂದಿನ ದಿನ ಅವನು ಬೇಡಿಕೊಂಡ:

"ಇವತ್ತೊಂದಿನ ಕಾಲು ಸುಧಾರಿಸ್ಕಳ್ಳಿ ಬುಡು ಮಾವ."

"ಕುಸ್ತಿ ದಿನವೂ ನಾವು ಬಸ್ಕಿ ಬುಟ್ಟೋರಲ್ಲ ಕಣ್ಲಾ. ಎತ್ಲಾ ಮೂಟೆಯ!"

ಮಾವನಿಗೆ ಎದುರಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

ಮರುದಿನ ಹೊಳೆನರಸೀಪುರದ ಮೈದಾನದಲ್ಲಿ ಚೆಂಡು ಮತ್ತೆ ಮತ್ತೆ ಹದವಾಗಿ ಬಲೆಯ ಮೇಲೆ ಬಂತು. ಜವರಪ್ಪನ ತೊಡೆ ಕಲ್ಲಾಗಿತ್ತು. ಅವನು ಕತ್ತೆತ್ತಿ ಚೆಂಡು ನೋಡುತ್ತ ನಿಂತ.

"ಎಗರ್ಲಾ!"

"ಕಾಲೇ ಏಳಾಕಿಲ್ಲ ಮಾವ!"

ತಂಡಕ್ಕೆ ಆಯ್ಕೆಯಾದವರೆಂದು ಕೂಗಿದ ಹೆಸರುಗಳಲ್ಲಿ ಅವನದಿರಲಿಲ್ಲ. ಉಸ್ತಾದರು ಅವನ ತೊಡೆ ಒತ್ತಿ ನೋಡಿ ಗಂಭೀರವಾಗಿ ತೀರ್ಪಿತ್ತರು:

"ಭಾರ ಸಾಲ್ದು ಕಣ್ಲಾ. ನಾಳೆಯಿಂದ ತುಂಬಿದ ಮೂಟೆ."

ಜವರಪ್ಪ ಬಸ್ಸಿನ ಮೆಟ್ಟಿಲಿಗೆ ಕಾಲೆತ್ತಲಾಗದೆ, ಮಾವನ ಹೆಗಲನ್ನೇ ಹಿಡಿದು, "ಊಂ" ಎಂದ.