ಎರೆ ಹೊಲದಲ್ಲಿ ಕಲಿತ ಹಾಕಿ

ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಮಾಡಿದವನು ನಾನು. ಹಾಗೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೈದರಾಬಾದಿನ ಕಾಲೇಜಿಗೆ ವಜೀಫಾ, ಅಂದರೆ ವಿದ್ಯಾರ್ಥಿವೇತನ, ಸಿಕ್ಕಿ ಹೋದೆ ಎಂದರೆ, ಕೇಳಿದವರು ಲೆಕ್ಕದಲ್ಲೋ ಇಂಗ್ಲಿಷಿನಲ್ಲೋ ಒಳ್ಳೆಯ ಅಂಕ ಬಂದಿರಬೇಕು ಎಂದುಕೊಳ್ಳುತ್ತಾರೆ. ಅಂಕ ಪಾಸಾಗುವಷ್ಟು ಬಂದಿತ್ತು, ಅಷ್ಟೇ. ವಜೀಫಾ ಬಂದದ್ದು ಹಾಕಿ ಆಟಕ್ಕೆ.

ನಮ್ಮೂರು ಅತನೂರಿನಲ್ಲಿ ನನ್ನನ್ನು ಬಿಟ್ಟರೆ ಹಾಕಿ ಆಡುವವರು ಇರಲಿಲ್ಲ. ಕಲಬುರಗಿಯ ಹೈಸ್ಕೂಲಿಗೆ ಸೇರಿದ ವರ್ಷವೇ ಆ ಆಟದ ಹುಚ್ಚು ಹತ್ತಿತು. ಬೇಸಿಗೆ ರಜೆಗೆ ಊರಿಗೆ ಬರುವಾಗ ಸೀಳುಬಿಟ್ಟ ಒಂದು ಹಳೆಯ ಕೋಲು, ಸವೆದ ಒಂದು ಚೆಂಡು ಬೇಡಿ ತಂದಿದ್ದೆ. ನನ್ನ ವಾರಿಗೆಯವರು ನಸುಕಿನಲ್ಲೇ ಎತ್ತು ಹೊಡೆದುಕೊಂಡು ಹೋದವರು, ತಿರುಗಿ ಬಂದಾಗ ದಣಿದು ಒರಗುತ್ತಿದ್ದರು. ಅವರನ್ನು ಆಟಕ್ಕೆ ಕರೆಯಲು ನಾಲಿಗೆ ಏಳುತ್ತಿರಲಿಲ್ಲ. ಜೋಳ ಕೊಯ್ದು ಖಾಲಿಯಾದ ನಮ್ಮ ಹೊಲದಲ್ಲಿ ಕೂಳೆ ಕಿತ್ತು ಒಂದಿಷ್ಟು ಜಾಗ ಹಸನು ಮಾಡಿಕೊಂಡೆ. ಒಡ್ಡಿಗೆ ಚೆಂಡು ಹೊಡೆಯುವುದು, ತಿರುಗಿ ಬಂದದ್ದನ್ನು ತಡೆಯುವುದು. ಇಡೀ ರಜೆ ಅದೇ ನನ್ನ ಆಟ. ನನ್ನ ಎದುರಾಳಿ ಆ ಮಣ್ಣಿನ ಒಡ್ಡು.

ಎರೆ ಭೂಮಿ ಬೇಸಿಗೆಯಲ್ಲಿ ಹೇಗೆ ಬಾಯಿ ಬಿಡುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬಿರುಕಿನಲ್ಲಿ ಕಾಲು ಸಿಕ್ಕರೆ ಪಾದ ಉಳುಕುತ್ತದೆ. ಅಂಥ ನೆಲದ ಮೇಲೆ ಚೆಂಡು ನೆಟ್ಟಗೆ ಬರುವುದೇ ಇಲ್ಲ. ಬಿರುಕಿನ ಅಂಚಿಗೆ ತಾಗಿ ಸೊಟ್ಟಗೆ ಜಿಗಿಯುತ್ತದೆ. ಆ ಕಾಲದಲ್ಲಿ ಚೆಂಡನ್ನು ಕೈಯಿಂದ ತಡೆಯಲು ಅವಕಾಶವಿತ್ತು. ಹಾಗಾಗಿ ನಾನು ಬಗ್ಗಿ, ಎಡಗೈಯನ್ನು ಕೆಳಗೆ, ಚೆಂಡಿನ ದಾರಿಗಿಂತ ಚೂರು ಪಕ್ಕಕ್ಕೆ ಇಟ್ಟು, ಅದು ಜಿಗಿಯಲಿ ಎಂದು ಕಾಯುವುದನ್ನು ರೂಢಿ ಮಾಡಿಕೊಂಡೆ. ಹೇಳಿಕೊಡುವವರಿರಲಿಲ್ಲ. ಹಾಗಲ್ಲ ಎನ್ನುವವರೂ ಇರಲಿಲ್ಲ.

ಶಾಲೆಯ ತಂಡದಲ್ಲಿ ನನ್ನನ್ನು ಗೋಲಿನ ಮುಂದಿನ ಫುಲ್‌ಬ್ಯಾಕ್ ಜಾಗಕ್ಕೆ ಹಾಕಿದರು. ಶಾಲೆಯ ಬಯಲೂ ಏರುತಗ್ಗಿನದೇ, ಹಾಗಾಗಿ ನನ್ನ ರೂಢಿ ಅಲ್ಲಿ ನಡೆಯುತ್ತಿತ್ತು. ಉಳಿದವರು ಮುಂದೆ ಓಡಿ ಆಡುವಾಗ ಹಿಂದೆ ಒಬ್ಬನೇ ನಿಲ್ಲುವ ಕೆಲಸ. ತಂಡದವರ ಮನೆಮಾತು ಹೆಚ್ಚಾಗಿ ಉರ್ದು. ನನ್ನ ಉರ್ದು ಪುಸ್ತಕದ್ದು, ಅವರ ಚೇಷ್ಟೆಗೆ ಉತ್ತರ ಕೊಡುವಷ್ಟು ಚುರುಕಿರಲಿಲ್ಲ. ಬೇರೆ ಊರಿಗೆ ಆಟಕ್ಕೆ ಹೋದಾಗ ಅವರೆಲ್ಲ ಪರಾತವೆಂಬ ಒಂದೇ ಅಗಲ ತಟ್ಟೆಯ ಸುತ್ತ ಕೂತು ಉಣ್ಣುತ್ತಿದ್ದರು. ಲಿಂಗಪೂಜೆ ಇಲ್ಲದೆ ತುತ್ತು ಎತ್ತುವುದಿಲ್ಲ, ಹೊರಗಿನ ಅಡಿಗೆ ಮುಟ್ಟುವುದಿಲ್ಲ ಎಂದು ಅವ್ವನಿಗೆ ಮಾತು ಕೊಟ್ಟು ಊರು ಬಿಟ್ಟವನು ನಾನು. ಗಿಡದ ಕೆಳಗೆ ಅವರಿಗೆ ಬೆನ್ನು ಮಾಡಿ ಕೂತು ರೊಟ್ಟಿ ಬಿಚ್ಚುತ್ತಿದ್ದೆ. ಯಾರೂ ಹೀಯಾಳಿಸಲಿಲ್ಲ. ಮೊದಮೊದಲು ಕರೆದರು, ಆಮೇಲೆ ಕರೆಯುವುದನ್ನು ಬಿಟ್ಟರು.

ಮೆಟ್ರಿಕ್ ವರ್ಷ ನಮ್ಮ ಡ್ರಿಲ್ ಮಾಸ್ತರರು ಒಂದು ಸುದ್ದಿ ತಂದರು. ಹೈದರಾಬಾದಿನ ಒಂದು ಕಾಲೇಜು ಹಾಕಿ ಆಡುವ ಹುಡುಗರನ್ನು ಆರಿಸಿ ಓದಿಸುತ್ತದಂತೆ, ಊಟ ವಸತಿ ಎಲ್ಲ ಅವರದೇ. ಆ ಕಾಲೇಜಿನ ಆಟದ ಸಾಹೇಬರು ದರ್ಗಾಕ್ಕೆ ಹರಕೆ ತೀರಿಸಲು ಆಳಂದಕ್ಕೆ ಬರುವವರಿದ್ದರು. ಅವರು ಇರುವ ದಿನವೇ ಅಲ್ಲಿನ ಕಚೇರಿ ಗುಮಾಸ್ತರೂ ಪೊಲೀಸರೂ ಸೇರಿದ ತಂಡದೊಂದಿಗೆ ಮಾಸ್ತರರು ನಮ್ಮ ಆಟ ಇಡಿಸಿದರು. ಅಪ್ಪ ಆಗಲೇ ಚೌಡಾಪುರದಲ್ಲಿ ಹತ್ತಿ ಮಾರಾಟದ ಅಡತಿ ಅಂಗಡಿಯಲ್ಲಿ ನನ್ನನ್ನು ಕೂಡಿಸುವ ಮಾತು ಮುಗಿಸಿದ್ದ. ಪರೀಕ್ಷೆಯ ಫಲಿತಾಂಶ ಬಂದ ಮರುದಿನದಿಂದ ಹತ್ತಿ ತೂಗುವ ಕೆಲಸ. ಓದು ಮುಂದುವರಿಯಬೇಕಾದರೆ ನನಗೆ ಇದ್ದದ್ದು ಆ ಒಂದು ಆಟ.

ಆಳಂದದ ಮೈದಾನ ಗಟ್ಟಿ ಗರಸುಮಣ್ಣಿನದು. ನೀರು ಹೊಡೆದು ಕಲ್ಲಿನ ಗುಂಡು ಉರುಳಿಸಿ ಏರುತಗ್ಗಿಲ್ಲದಂತೆ ಸಾಪು ಮಾಡಿದ್ದರು. ಪೊಲೀಸರ ಕಡೆಯಿಂದ ಮೊದಲ ಚೆಂಡು ಬಂತು. ಬಗ್ಗಿ ಎಂದಿನಂತೆ ಕೈ ಚೂರು ಪಕ್ಕಕ್ಕಿಟ್ಟು ಕಾದೆ. ಅದು ಜಿಗಿಯಲಿಲ್ಲ. ಗೆರೆ ಎಳೆದ ಹಾಗೆ ನೆಟ್ಟಗೆ ಬಂದು ನನ್ನ ಕೈ ಮತ್ತು ಕಾಲಿನ ನಡುವೆ ಹಾದು ಗೋಲಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು, ಅದೂ ಹಾಗೆಯೇ. ಗೋಲು ಕಾಯುತ್ತಿದ್ದವನು ಜೇವರ್ಗಿಯ ಹುಡುಗ. ತಂಡದಲ್ಲಿ ನನ್ನೊಡನೆ ಕನ್ನಡ ಆಡುತ್ತಿದ್ದವನು ಅವನೊಬ್ಬನೇ.

"ಲೇ, ಚೆಂಡು ನಿನ್ನ ಮುಂದಽ ಬರಾಕತ್ತದ. ನೀ ಕೈ ಕೆಳಗ ಬಿಟ್ಟು ಶೇಂಗಾ ಆರ್ಸಾಕತ್ತಿ ಏನು?" ಎಂದ.

ನಡುವಿನ ಬಿಡುವಿನಲ್ಲಿ ಅವನೂ ನನ್ನ ಹತ್ತಿರ ಕೂರಲಿಲ್ಲ. ಮಾಸ್ತರರು ಎಲ್ಲರಿಗೂ ಏನೇನೋ ಹೇಳಿದರು, ನನ್ನ ಕಡೆ ನೋಡಲಿಲ್ಲ. ಚೌಡಾಪುರದಲ್ಲಿ ತೂಗಬೇಕಾದ ಹತ್ತಿಯ ಮೂಟೆಗಳು ಕಣ್ಣ ಮುಂದೆ ಬಂದವು.

ಅರ್ಧ ಆಟದ ಮೇಲೆ ಬದಿ ಬದಲಾಯಿತು. ನಾವೀಗ ಕಾಯಬೇಕಾದ ಬದಿಯಲ್ಲಿ ವಾರವಾರ ದನದ ಸಂತೆ ಕೂಡುತ್ತಿತ್ತು. ಹಿಂದಿನ ಸಂತೆಯ ದಿನ ಅಕಾಲದ ಮಳೆ ಬಿದ್ದು, ಎತ್ತುಗಳ ಗೊರಸು ಊರಿದ ಮಣ್ಣು ಹಾಗೆಯೇ ಒಣಗಿ ಗಟ್ಟಿಯಾಗಿತ್ತು. ಗುಂಡು ಉರುಳಿಸಿದರೂ ಅದು ಸಾಪಾಗಿರಲಿಲ್ಲ. ಅಲ್ಲಿ ಕಾಲಿಟ್ಟ ಕೂಡಲೇ ನನಗೆ ನೆಲ ಗುರುತು ಸಿಕ್ಕಿತು. ಪೊಲೀಸರು ಹೊಡೆದದ್ದೆಲ್ಲ ಗೊರಸಿನ ಗುಣಿಗೆ ತಾಗಿ ಪಕ್ಕಕ್ಕೆ ಜಿಗಿಯುತ್ತಿತ್ತು, ಜಿಗಿದಲ್ಲಿ ನನ್ನ ಕೈ ಇರುತ್ತಿತ್ತು. ಒಂದೂ ದಾಟಲಿಲ್ಲ. ಅಷ್ಟರಲ್ಲಿ ನಮ್ಮವರು ಒಂದು ಗೋಲು ಹೊಡೆದರು, ಇನ್ನೊಂದು ಆಗಲಿಲ್ಲ. ಸೋತೆವು.

ಸಾಹೇಬರು ನಮಾಜು ಮುಗಿಸಿ ಬಂದಾಗ ಎರಡನೆಯ ಅರ್ಧ ಶುರುವಾಗಿತ್ತಂತೆ. ಆಟ ಮುಗಿದ ಮೇಲೆ ನನ್ನನ್ನು ಕರೆಸಿ, ಯಾರ ಹತ್ತಿರ ಕಲಿತೆ ಎಂದು ಉರ್ದುವಿನಲ್ಲಿ ಕೇಳಿದರು. ಯಾರ ಹತ್ತಿರವೂ ಇಲ್ಲ ಎಂದೆ. ಅವರ ಹುಬ್ಬು ಮೇಲೇರಿತು. ಮಾಸ್ತರರು ನಡುವೆ ಬಾಯಿ ಹಾಕಿ, ಹಳ್ಳಿಯ ಹುಡುಗ, ಒಬ್ಬನೇ ಆಡಿಕೊಂಡು ಬೆಳೆದವನು ಎಂದು ಸಮಜಾಯಿಷಿ ಕೊಟ್ಟರು. ಮೊದಲಿನ ಎರಡೂ ಗೋಲು ನನ್ನ ಕಡೆಯಿಂದಲೇ ಹೋದವೆಂದು ನಾನು ಹೇಳಿದೆ. ಮಾಸ್ತರರು ನನ್ನ ಅಂಗಿ ಜಗ್ಗಿದರು. ಸಾಹೇಬರು ನಕ್ಕು, ನಾನು ನೋಡಿದ್ದನ್ನು ನೋಡಿದ್ದೇನೆ, ಮೆಟ್ರಿಕ್ ಪಾಸಾಗಿ ಬಾ, ಸಾಪು ಮೈದಾನದ ಆಟ ಅಲ್ಲಿ ಕಲಿಸುತ್ತೇವೆ ಎಂದರು. ಆ ದಿನ ಬೇರೆ ಯಾರನ್ನೂ ಅವರು ಆರಿಸಲಿಲ್ಲ.

ಬಸ್ಸಿನಲ್ಲಿ ನನ್ನ ಪಕ್ಕದ ಜಾಗ ಕಲಬುರಗಿ ಮುಟ್ಟುವವರೆಗೂ ಖಾಲಿ ಇತ್ತು. ತಂಡದವರ ಸಿಟ್ಟು ನನಗೆ ಅರ್ಥವಾಗುತ್ತಿತ್ತು. ತಂಡವನ್ನು ಸೋಲಿಸಿದವನೂ ನಾನೇ, ಕಾಲೇಜಿಗೆ ಹೋಗುವವನೂ ನಾನೇ. ಜೇವರ್ಗಿಯ ಹುಡುಗ ನನಗಿಂತ ಚಲೋ ಆಟಗಾರ, ಅವನ ಹೆಸರೇ ಬರುತ್ತದೆಂದು ಎಲ್ಲರೂ ತಿಳಿದಿದ್ದರು. ಇಳಿಯುವಾಗ ಅವನು ನನ್ನ ಕೋಲು ಎತ್ತಿ ಕೊಟ್ಟು, "ಹೋಗಿ ಚಲೋ ಓದು," ಎಂದಷ್ಟೇ ಹೇಳಿದ.

ಪರೀಕ್ಷೆ ಪಾಸಾಗಿ ಊರಿಗೆ ಹೋಗಿ ಅಪ್ಪನಿಗೆ ಹಾಕಿ ಆಟಕ್ಕೆ ಕಾಲೇಜು ಸಿಕ್ಕಿದ ಸುದ್ದಿ ಹೇಳಿದೆ. ಅವನು ಎತ್ತಿನ ಮೈ ತಿಕ್ಕುತ್ತಿದ್ದ.

"ಆಟ ಗೆದ್ರೇನು?"

"ಇಲ್ಲಪ್ಪ, ಸೋತ್ವಿ."

"ಸೋತವ್ರಿಗಿ ಕಾಲೇಜ್ ಓದಸ್ತಾರ? ಎಂಥಾ ಮಂದಿ ಅದಾರೋ ಅವ್ರು."

ಕೈ ತೊಳೆದು, ರುಮಾಲು ಸುತ್ತಿಕೊಂಡು ಚೌಡಾಪುರಕ್ಕೆ ಹೋದ. ತಿರುಗಿ ಬಂದವನು ಕಟ್ಟೆಯ ಮೇಲೆ ಕೂತು ಹೇಳಿದ: "ಹುಡುಗ ಕಾಲೇಜಿಗಿ ಹೊಂಟಾನ್ರಿ ಅಂದೆ. ಓದಿನ್ಯಾಗ ಭಾಳ ಶಾಣ್ಯಾ ಇರಬೇಕು ಅಂದ್ರು ಸಾವ್ಕಾರ್ರು. ನಾ ಹೂಂ ಅಂದೆ."

ಅವನ ಮುಖದಲ್ಲಿ ಅಂಥ ಹಿಗ್ಗು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಗೊರಸಿನ ಗುಣಿ, ಪಕ್ಕಕ್ಕೆ ಜಿಗಿದ ಚೆಂಡು, ಒಂದನ್ನೂ ದಾಟಗೊಡದ ನನ್ನ ಕೈ, ಇದನ್ನೆಲ್ಲ ಅವನಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಓದಿನ ಹೆಸರಿನಲ್ಲಿ ಹಿಗ್ಗಿದವನ ಮುಂದೆ ಅದನ್ನು ಹೇಳಲಿಲ್ಲ. ಅಂಗಡಿಯ ಕೆಲಸಕ್ಕೆ ಸಾವುಕಾರರು ಆಗಿಂದಾಗಲೇ ಬೇರೆಯವರನ್ನು ಗೊತ್ತುಮಾಡಿದರೆಂದೂ ಅಪ್ಪ ಹೇಳಿದ. ನಾನು ಒಳಗೆ ಹೋಗಿ ಬಟ್ಟೆ ಗಂಟು ಕಟ್ಟತೊಡಗಿದೆ.